ಮೀಸಲು ಚೂರಿ

ಹಂದಿ ನನ್ನ ಚೂರಿಯನ್ನು ಪಕ್ಕೆಯಲ್ಲಿ ಸಿಕ್ಕಿಸಿಕೊಂಡೇ ಜಾಲಿಯ ಪೊದೆಗೆ ನುಗ್ಗಿತು. ಬೆನ್ನಟ್ಟಿ ಹೋದ ನಾಯಿಗಳು ಸಂಜೆಗೆ ಬಾಲ ಮುದುಡಿಕೊಂಡು ತಿರುಗಿ ಬಂದವು. ಮರುದಿನದಿಂದ ಆ ಗುಡ್ಡದ ಸಾಲನ್ನೆಲ್ಲ ನಾನೊಬ್ಬನೇ ಜಾಲಾಡಿದೆ. ಮುಳ್ಳು ಸಿಕ್ಕಿತು, ಹಾವಿನ ಪೊರೆ ಸಿಕ್ಕಿತು, ಯಾರದೋ ಒಂಟಿ ಚಪ್ಪಲಿ ಸಿಕ್ಕಿತು, ಚೂರಿ ಮಾತ್ರ ಸಿಗಲಿಲ್ಲ. ಬೇಟೆಯ ಜೊತೆಗಾರರು ಮರುಗಿದ್ದು ಹಂದಿಗಾಗಿ. ಊರಿಗೆಲ್ಲ ಪಾಲು ಬರುತ್ತಿತ್ತು, ಎಂಥಾ ಹಂದಿ ಕೈತಪ್ಪಿತು ಎಂದು ಕಟ್ಟೆಯ ಮೇಲೆ ಕೂತು ಬಾಯಿ ಚಪ್ಪರಿಸಿದರು. ನಿಮ್ಮ ಹಂದಿಗೆ ಬೆಂಕಿ ಬೀಳಲಿ, ನನ್ನ ಚೂರಿ ಹೋಯಿತಲ್ಲ ಎಂದು ನಾನು ರೇಗಿದರೆ ನಕ್ಕರು.

"ಮಾಮಾ, ಚೂರಿಗೇನ ಬರಾ ಬಂದೈತೇನ? ಇನ್ನೊಂದ ತಗೋರಿ," ಎಂದ ಭರಮ. ಅವನು ನನ್ನ ಹೆಂಡತಿಯ ತಮ್ಮ. ಮಾತಾಡುವ ಮೊದಲು ಯೋಚಿಸುವ ಅಭ್ಯಾಸ ಅವರ ಮನೆತನದಲ್ಲಿ ಹೆಣ್ಣುಮಕ್ಕಳಿಗಷ್ಟೇ ಬಂದಿತ್ತು.

ಇನ್ನೊಂದು ತೆಗೆದುಕೊಳ್ಳುವುದು ನಮ್ಮ ಊರಲ್ಲಿ ಅಷ್ಟು ಸಲೀಸಲ್ಲ. ಇಲ್ಲಿ ಅಲಗು ಮೊದಲು ಏನನ್ನು ಕೊಯ್ಯುತ್ತದೋ ಆಮೇಲೆ ಅದನ್ನೇ ಕೊಯ್ಯುತ್ತದೆ, ಬೇರೆ ಏನನ್ನೂ ಕೊಯ್ಯುವುದಿಲ್ಲ. ಉಳ್ಳಾಗಡ್ಡಿಯ ಈಳಿಗೆಯ ಮೇಲೆ ಬದನೆಕಾಯಿ ಒತ್ತಿದರೆ ಬದನೆಕಾಯಿ ಜಜ್ಜಿಹೋದೀತೇ ಹೊರತು ಹೋಳಾಗದು. ಅದಕ್ಕೇ ನಮ್ಮ ಅಡುಗೆಮನೆಯ ಗೋಡೆಗಳಲ್ಲಿ ಅಲಗುಗಳ ಸಾಲೇ ತೂಗುತ್ತಿರುತ್ತದೆ. ಯಾವುದು ಯಾವುದರದ್ದು ಎಂದು ಕಲಿಯುವಷ್ಟರಲ್ಲಿ ಹೊಸ ಸೊಸೆಗೆ ಅತ್ತೆಯ ಬಾಯಿಯ ರುಚಿಯೂ ಗೊತ್ತಾಗಿರುತ್ತದೆ. ಕ್ಷೌರಿಕ ಹೊಸ ಕತ್ತಿ ತಂದ ದಿನ ಒಳ್ಳೆಯ ಗಡ್ಡದವನೊಬ್ಬನನ್ನು ಕರೆದು, ಊಟ ಹಾಕಿ, ಆಮೇಲೆ ಬೋಳಿಸುತ್ತಾನೆ. ಹಿಂದೆ ಒಬ್ಬ ಮದುಮಗ ಅತ್ತೆಮನೆಯವರು ಕೊಟ್ಟ ಹೊಸ ಈಳಿಗೆಯಲ್ಲಿ ಗಂಟಿನ ದಾರ ಕೊಯ್ದುಬಿಟ್ಟನಂತೆ. ಅವನ ಹೆಂಡತಿ ಹಲ್ಲು ಉದುರುವ ತನಕವೂ ಆ ಈಳಿಗೆಯಲ್ಲಿ ದಾರ ಕೊಯ್ಯುತ್ತಾ ಅವನನ್ನು ಬೈಯುತ್ತಿದ್ದಳಂತೆ. ಏನನ್ನೂ ಕೊಯ್ಯದ ಅಲಗಿಗೆ ಮೀಸಲು ಅಲಗು ಎನ್ನುತ್ತೇವೆ. ತಂದ ದಿನವೇ ಅದರ ಮೊದಲ ಕೊಯ್ತ ಮುಗಿಸಿಬಿಡುತ್ತೇವೆ. ಮೀಸಲು ಅಲಗು ಇರುವ ಮನೆಯಲ್ಲಿ ಯಾರಿಗೂ ಸಮಾಧಾನದ ನಿದ್ದೆ ಬರುವುದಿಲ್ಲ.

ನನ್ನ ಚೂರಿಯ ಮೊದಲ ಕೊಯ್ತ ಮೊಲದ್ದು. ಮೊಲ ಕೊಯ್ದ ಚೂರಿ ಕಾಡಿನ ಮಾಂಸವನ್ನೆಲ್ಲ ಕೊಯ್ಯುತ್ತದೆ, ಮನೆಯ ಕುರಿ ಕೋಳಿಗೆ ಮೊಂಡಾಗುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಕೆಂಚವ್ವ ಆ ಮೊಲದ ಹಿಂಗಾಲು ಹಿಡಿದಳು, ನಾನು ಕೊಯ್ದೆ. ಬೇಟೆಯ ಪಾಲು ಹಾಕುವುದು ನಮ್ಮಲ್ಲಿ ಒಬ್ಬನ ಕೆಲಸ. ಆ ಕೆಲಸ ನನ್ನದಾದ ಮೇಲೆ ಅವಳೂ ಬರತೊಡಗಿದಳು. ಹೆಂಗಸರು ಪಾಲಿನ ಜಾಗಕ್ಕೆ ಬರುವ ಪದ್ಧತಿ ಇರಲಿಲ್ಲ. ಯಾರೋ ಗೊಣಗಿದಾಗ ಕೆಂಚವ್ವ, "ನಾ ಹಿಡದರ ಪಾಲ ಸಮ ಬೀಳತಾವ. ಬ್ಯಾಡಂದ್ರ ನಿಮ್ಮ ಮನೀದು ನೀವ ಕೊಯ್ಕೋರಿ," ಎಂದಳು. ಆಮೇಲೆ ಅವಳು ಬರುವುದೇ ಪದ್ಧತಿಯಾಯಿತು. ನಾನು ಅಲಗನ್ನು ಎತ್ತ ತಿರುಗಿಸುತ್ತೇನೆ ಎಂಬುದು ನನಗಿಂತ ಮೊದಲು ಅವಳ ಕೈಗೆ ಗೊತ್ತಾಗುತ್ತಿತ್ತು.

ಅವಳು ತೀರಿಕೊಂಡ ಮೇಲೂ ನನಗೆ ಅಂಥ ದೊಡ್ಡ ನಷ್ಟವಾಗಿರಲಿಲ್ಲ ಎಂದರೆ ಜನ ನನಗೆ ತಲೆ ಕೆಟ್ಟಿದೆ ಅಂದುಕೊಂಡಾರು. ನಾಚಿಕೆ ಬಿಟ್ಟು ಹೇಳುತ್ತೇನೆ. ಆ ಚೂರಿ ಹಿಡಿದು ಪಾಲು ಹಾಕಲು ಕೂತಾಗ ಎದುರಿಗೆ ಅವಳು ಇರುತ್ತಿದ್ದಳು. ಕಾಣುತ್ತಿರಲಿಲ್ಲ, ಇರುತ್ತಿದ್ದಳು. ಅತ್ತ ಕಡೆಯಿಂದ ಅವಳು ಎಳೆದು ಹಿಡಿಯುವ ಬಿಗಿ ನನ್ನ ಮಣಿಕಟ್ಟಿಗೆ ತಿಳಿಯುತ್ತಿತ್ತು. ಚೂರಿ ಹೋದ ಮೇಲೆ ಒಂದು ಸಲ ಭರಮನ ಚೂರಿಯಲ್ಲಿ ಪಾಲು ಹಾಕಿದೆ. ಮಾಂಸ ಕೊಯ್ಯಿತು. ಎದುರಿಗೆ ಭರಮ ಇದ್ದ, ಅಷ್ಟೇ. ಅವತ್ತು ನಾನು ನನ್ನ ಪಾಲು ಮುಟ್ಟದೆ ಮನೆಗೆ ಹೋಗಿ, ಹೆಂಡತಿ ಸತ್ತ ದಿನ ಅಳದಷ್ಟು ಅತ್ತೆ.

ಅಂಥದೇ ಚೂರಿ ಬೇಕು ಎಂದು ಕಂಬಾರ ಮೋನಪ್ಪನ ಕುಲುಮೆಗೆ ಹೋದೆ. ನನ್ನ ಚೂರಿಯ ಮೇಲೆ ಗುರುತಿರಲಿಲ್ಲ, ಹೆಸರಿರಲಿಲ್ಲ. ಅದನ್ನು ಕೊಡಿಸಿದ ನನ್ನ ಮಾವ ಯಾವಾಗಲೋ ಮಣ್ಣು ಸೇರಿದ್ದ. ಗಾಳಿಯಲ್ಲಿ ಕೈಯಾಡಿಸಿ ಹೇಳಿದೆ. ಗೇಣಿಗಿಂತ ಎರಡು ಬೆರಳು ಉದ್ದ, ಅಲಗಿನ ಹೊಟ್ಟೆ ತುಸು ಉಬ್ಬು, ತುದಿ ಆಕಾಶ ನೋಡುತ್ತಿತ್ತು, ಹಿಡಿಯ ಬುಡದಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ತಗ್ಗು. ಮೋನಪ್ಪ ನನ್ನ ಮುಖ ನೋಡದೆ ಕೈಯನ್ನೇ ನೋಡುತ್ತಿದ್ದ.

"ಅದು ಹಳಿ ಚೂರಿ, ದ್ಯಾಮಣ್ಣ," ಎಂದ. "ಬಂಡಿ ಗಾಲಿ ಕಬ್ಬಿಣದ ಹಳಿ ಕಾಸಿ ನಮ್ಮಪ್ಪ ಮಾಡತಿದ್ದ. ಬಂಡಿಗೆ ಟೈರ್ ಬಂದ್ವು, ಹಳಿ ಹೋದ್ವು. ಅಪ್ಪನೂ ಹೋದ. ಚೂರಿ ನಿಂತಹೋತು."

"ನೀ ಮಾಡು."

"ಹಳಿ ಎಲ್ಲಿಂದ ತರ್ಲಿ? ಜೀಪಿನ ಸ್ಪ್ರಿಂಗಿನ ಪಾಟಾದಾಗ ಮಾಡಿ ಕೊಡತೀನಿ."

ಮಾಡಿಯೂ ಕೊಟ್ಟ. ಅಳತೆ ಸರಿ, ಉಬ್ಬು ಸರಿ, ಹೆಬ್ಬೆರಳಿನ ತಗ್ಗೂ ಸರಿ. ಹಿಡಿದರೆ ಮಾತ್ರ ಬೇರೆಯವರ ಮನೆಯಲ್ಲಿ ಕೂತ ಹಾಗಾಯಿತು. ಮೊದಲ ಕೊಯ್ತ ಮಾಡದೆ, ಮೀಸಲಾಗಿಯೇ ಅವನಿಗೆ ತಿರುಗಿ ಒಪ್ಪಿಸಿದೆ. ಮೋನಪ್ಪ ಬೇಜಾರು ಮಾಡಿಕೊಂಡ. ಆದರೂ ಅವರಪ್ಪ ಮಾಡಿದ ಚೂರಿಗಳು ಊರಲ್ಲಿ ಇನ್ನೂ ಇದ್ದಾವು, ಮನೆಮನೆ ಕೇಳಿ ನೋಡು ಎಂದು ದಾರಿ ತೋರಿಸಿದ.

ಕೇಳುತ್ತಾ ಹೋದೆ. ಹೂಗಾರರ ಮನೆಯಲ್ಲಿ ಒಂದು ಸಿಕ್ಕಿತು. ಅದು ಬಾಳೆಯ ದಿಂಡು ಕೊಯ್ಯುವುದು. ಶಾಲೆಯ ಮಾಸ್ತರರ ಮೇಜಿನ ಮೇಲೆ ಇನ್ನೊಂದು, ಅದು ಬರೀ ಕಾಗದ ಕೊಯ್ಯುತ್ತಿತ್ತು. ಚಹಾದಂಗಡಿಯ ರಾಜೇಸಾಬನ ಹತ್ತಿರ ಇದ್ದದ್ದು ಬನ್ನು ಕೊಯ್ಯುತ್ತಿತ್ತು. ಒಂದೊಂದನ್ನೂ ಕೈಗೆ ತೆಗೆದುಕೊಂಡ ಕೂಡಲೇ ಹೆಬ್ಬೆರಳು ತಾನಾಗಿ ಹೋಗಿ ತನ್ನ ಜಾಗದಲ್ಲಿ ಕೂರುತ್ತಿತ್ತು. ಒಡಹುಟ್ಟಿದ ತಮ್ಮ ಪರವೂರಲ್ಲಿ ಹೆಸರು ಬದಲಿಸಿಕೊಂಡು ಸಂಸಾರ ಮಾಡುವುದನ್ನು ಕಂಡಷ್ಟು ಸಂಕಟವಾಯಿತು. ನಾನು ರಾಜೇಸಾಬನ ಚೂರಿಯನ್ನು ಕೆಳಗಿಡದೆ ನಿಂತೇ ಇದ್ದೆ.

"ಬೇಕಾದ್ರ ಒಯ್ಯೋ ಮಾರಾಯಾ," ಎಂದ ಅವನು. "ಹಂದಿಗೆ ಮೊದಲ ಬನ್ನ ತಿನಸು, ಆಮ್ಯಾಲ ಕೊಯ್ಯಿ." ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನ್ನ ಮುಖ ನೋಡಿ ಅವನೇ ನಗು ನಿಲ್ಲಿಸಿ, ಸ್ವರ ಇಳಿಸಿ ಹೇಳಿದ. "ಹಂಪವ್ವನ ಮನ್ಯಾಗ ಒಂದೈತಿ. ಇನ್ನೂ ಮೀಸಲ. ಆದ್ರ ಆಕಿ ಕೊಡೂದಿಲ್ಲ."

ಹಂಪವ್ವನ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಅವಳ ಮನೆ ಊರಿನ ಕೊನೆಯದು, ಅಲ್ಲಿಂದ ಮುಂದೆ ದಾರಿ ಕಣಿವೆಗೆ ಇಳಿಯುತ್ತದೆ. ಅವಳ ಗಂಡ ಪ್ರಾಯದಲ್ಲಿ ಒಂದು ದಿನ ಹೊಸ ಚೂರಿ ತಂದು ಅವಳ ಕೈಗೆ ಕೊಟ್ಟು, ಮೊಲ ತರುತ್ತೇನೆ, ಅಲ್ಲಿಯ ತನಕ ಮೀಸಲಿಡು ಎಂದು ಬಲೆ ಹೆಗಲಿಗೆ ಹಾಕಿಕೊಂಡು ಆ ದಾರಿಯಲ್ಲಿ ಇಳಿದು ಹೋದ. ಬರಲಿಲ್ಲ. ಅವನು ಮಲಗುತ್ತಿದ್ದ ಹಗ್ಗದ ಹೊರಸು ಇವತ್ತಿಗೂ ಜಗಲಿಯ ಮೇಲಿದೆ. ನಮ್ಮಲ್ಲಿ ಸತ್ತವನ ಹೊರಸಿನ ಹಗ್ಗ ಕೊಯ್ಯಬೇಕು. ಕೊಯ್ದ ಮೇಲೆಯೇ ಅವನು ಹೋದ ಎಂದು ಲೆಕ್ಕ. ಅದಕ್ಕೆಂದೇ ಊರ ಹಿರಿಯರ ಹತ್ತಿರ ಒಂದು ಚೂರಿ ಇರುತ್ತದೆ, ಊರಲ್ಲಿ ಸತ್ತವರ ಹೊರಸನ್ನೆಲ್ಲ ಕೊಯ್ದ ಚೂರಿ ಅದು. ಹಿರಿಯರು ಅದನ್ನು ಹಿಡಿದುಕೊಂಡು ಹಂಪವ್ವನ ಜಗಲಿ ಹತ್ತಿದಾಗಲೆಲ್ಲ ಅವಳು ಹೊರಸಿಗೆ ಅಡ್ಡ ನಿಂತು ಅವರನ್ನು ವಾಪಸು ಕಳಿಸಿದ್ದಳು. ಅವಳ ತಲೆಯಲ್ಲಿ ಈಗ ಕರಿ ಕೂದಲು ಹುಡುಕಬೇಕು.

ನಾನು ಹೋದಾಗ ಅವಳು ಜಗಲಿಯ ಮೇಲೆ ದಾರಿಗೆ ಮುಖ ಮಾಡಿ ಕೂತು ಕುಸುಬೆ ಹಸನು ಮಾಡುತ್ತಿದ್ದಳು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು.

"ಅಕ್ಕಾ, ನಿನ್ನ ಹಂತೇಕ ಒಂದ ಹಳಿ ಚೂರಿ ಐತೆಂತಲ್ಲ," ಎಂದೆ. "ನಂದೂ ಅಂಥಾದ್ದ ಇತ್ತು. ಹಂದಿ ಒಯ್ತು."

"ನಂದ ಯಾರ ಒಯ್ದರೋ ಅದೂ ಗೊತ್ತಿಲ್ಲ, ತಮ್ಮಾ," ಎಂದಳು. ಅವಳು ಚೂರಿಯ ಮಾತಾಡುತ್ತಿರಲಿಲ್ಲ. ಎದ್ದು ಒಳಗೆ ಹೋದಳು.

ಚೂರಿಯನ್ನು ಗಂಡನ ಹಳೆಯ ರುಮಾಲಿನಲ್ಲಿ ಸುತ್ತಿಟ್ಟಿದ್ದಳು. ಬಿಚ್ಚಿದಾಗ ಎಣ್ಣೆಯ ವಾಸನೆ ಬಂತು. ಒಂದು ಚುಕ್ಕೆ ತುಕ್ಕಿರಲಿಲ್ಲ. ನನ್ನ ಕೈಗೆ ಬಂದ ಕೂಡಲೇ ಮಣಿಕಟ್ಟು ಸಡಿಲವಾಯಿತು. ಅದು ನನ್ನ ಚೂರಿಯೇ. ಅದೇ ತೂಕ, ತುದಿಯ ಕಡೆ ಅದೇ ವಾಲು. ನಾನು ಏನೇನೋ ಕೊಡುತ್ತೇನೆ ಎಂದೆ, ಗೋಗರೆದೆ, ಕೊನೆಗೆ ಜೋರು ಮಾಡಿದೆ. ಹಂಪವ್ವ ಕೈ ಚಾಚಿ ಚೂರಿಯನ್ನು ವಾಪಸು ತೆಗೆದುಕೊಂಡಳು.

"ಮೊದಲ ಕೊಯ್ತ ಅವರದು. ಅವರ ಬಂದ ಕೊಯ್ಯಲಿ. ಹಿಡಕೊಂಡ ಕುಂದರಾಕ ಬೇಕಂದ್ರ ಬಾ, ಬ್ಯಾಡನ್ನೂದಿಲ್ಲ."

ಯಾರಿಗಾದರೂ ಇದು ಅವಮಾನ ಅನ್ನಿಸಬೇಕಾದ ಮಾತು. ನನಗೆ ಅನ್ನಿಸಲಿಲ್ಲ. ಸಂತೆಯ ದಿನ ಎಲ್ಲರೂ ಸಂತೆಗೆ ಹೋದರೆ ನಾನು ಹಂಪವ್ವನ ಜಗಲಿಗೆ ಹೋಗತೊಡಗಿದೆ. ಅವಳು ಚೂರಿ ತಂದು ಕೊಡುತ್ತಿದ್ದಳು, ನಾನು ಹಿಡಿದುಕೊಂಡು ಕೂರುತ್ತಿದ್ದೆ, ಅವಳು ದಾರಿ ನೋಡುತ್ತಿದ್ದಳು. ಆಮೇಲೆ ನಾನು ಕೆಂಚವ್ವನ ಸುದ್ದಿ ತೆಗೆದೆ. ಅವಳು ರೊಟ್ಟಿ ತಟ್ಟುವಾಗ ಹಾಡುತ್ತಿದ್ದದ್ದು, ಹಾಡಿನ ಸಾಲು ಮರೆತಾಗಲೆಲ್ಲ ಆ ಜಾಗಕ್ಕೆ ನನ್ನ ಹೆಸರು ಹಾಕಿ ಬೈದು ಮುಂದುವರಿಸುತ್ತಿದ್ದದ್ದು. ಹಂಪವ್ವ ನಗುತ್ತಾ ಕೇಳಿದಳು. ಅವಳ ಗಂಡ ಪುಂಡಿಯ ನಾರು ತಂದು ತಾನೇ ಹೊಸೆದು ಈ ಹೊರಸು ಹೆಣೆದದ್ದಂತೆ. ಹೆಣೆದು ಮುಗಿಸಿ, ನೀನು ಮೊದಲು ಕೂತು ನೋಡು, ಹರಿದರೆ ನೀನೇ ಬೀಳು ಎಂದಿದ್ದನಂತೆ. ಊರಲ್ಲಿ ಮಾತು ಹುಟ್ಟಿತು. ಮುಪ್ಪಿನಲ್ಲಿ ಇದೇನು ಹುಚ್ಚು ಎಂದು ಭರಮ ನನ್ನ ಮುಖಕ್ಕೇ ಅಂದ. ನಾನು ಅಲ್ಲಿಗೆ ಹೋಗುವುದು ಚೂರಿಗಾಗಿ ಎಂದೆ. ಅದು ನಿಜವೇ ಆಗಿತ್ತು.

ಹೋಳಿಯ ಬೇಟೆ ಹತ್ತಿರ ಬಂತು. ಅದು ವರ್ಷದ ದೊಡ್ಡ ಬೇಟೆ, ಪಾಲು ಊರಿನ ಪ್ರತಿ ಮನೆಗೂ ಹೋಗಬೇಕು. ಭರಮನ ಚೂರಿ ಹಿಡಿದು ಅಷ್ಟೂ ಪಾಲು ಹಾಕುವುದನ್ನು ನೆನೆದರೇ ನನಗೆ ಬೇಡವಾಗುತ್ತಿತ್ತು. ಬೇಟೆಯ ದಿನ ಜನ ಗುಡ್ಡದಲ್ಲಿದ್ದಾಗ ನಾನು ಮತ್ತೊಮ್ಮೆ ಕೇಳಿ ನೋಡೋಣ ಎಂದು ಹಂಪವ್ವನ ಮನೆಗೆ ಹೋದೆ. ಅವತ್ತು ಅವಳು ಕೈಯಲ್ಲಿ ಕೆಲಸ ಹಿಡಿದಿರಲಿಲ್ಲ. ಚೂರಿ ಆಗಲೇ ರುಮಾಲಿನಿಂದ ಹೊರಗೆ ಬಂದು ಅವಳ ಮಡಿಲಲ್ಲಿತ್ತು.

"ತಮ್ಮಾ, ಹ್ವಾದ ಸಂತಿ ದಿನ ನೀ ಎದ್ದ ಹ್ವಾದ ಮ್ಯಾಲ ನನಗ ನೆನಪಾತು. ಅವತ್ತ ನೀ ಕುಂತಾಗ ನಾ ದಾರಿ ನೋಡಿಲ್ಲ. ಒಮ್ಮೆನೂ ನೋಡಿಲ್ಲ," ಎಂದಳು. "ಇಷ್ಟ ವರ್ಷದಾಗ ಹಿಂಗ ಆಗಿದ್ದಿಲ್ಲ. ನನಗ ಸಾಕಾಗೇತಿ, ದ್ಯಾಮಣ್ಣ. ಹಗ್ಗ ಕೊಯ್ಯಿ."

"ಹಿರ್ಯಾರನ್ನ ಕರೀತೀನಿ, ಅಕ್ಕಾ. ಅವರ ಚೂರಿ ಐತೆಲ್ಲ."

"ಅದ ಹೆಣದ ಚೂರಿ. ಊರಾಗ ಸತ್ತವರನ್ನೆಲ್ಲ ಕೊಯ್ದ ಅದಕ್ಕ ಸಾವ ಗೊತ್ತೈತಿ. ನನ್ನ ಗಂಡ ಸತ್ತಿದ್ದ ಯಾರ ನೋಡ್ಯಾರ? ಈ ಚೂರಿಗೆ ಏನೂ ಗೊತ್ತಿಲ್ಲ. ಇದು ಕೊಯ್ದರ ನಾ ತಡಕೋತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಹಗ್ಗ ಕೊಯ್ದರೆ ಅದು ಹಗ್ಗದ ಚೂರಿಯಾಗುತ್ತದೆ. ಊರಲ್ಲಿ ಉಳಿದಿದ್ದ ಒಂದೇ ಒಂದು ಮೀಸಲು ಹಳಿ ಚೂರಿ ಹಗ್ಗ ಕೊಯ್ಯುತ್ತಾ ಗೋಡೆಗೆ ನೇತಾಡುತ್ತದೆ. ಇಷ್ಟು ದಿನ ಕೈಗೆ ಕೊಟ್ಟು ಆಸೆ ಹುಟ್ಟಿಸಿದ್ದು ಇದಕ್ಕೇನು ಎಂದು ಕೂಗಾಡಿದೆ. ಸತ್ತವನಿಗೆ ಯಾವ ಚೂರಿಯಾದರೇನು ಎಂದೂ ಅಂದುಬಿಟ್ಟೆ. ಹಂಪವ್ವ ಎದ್ದು ಹತ್ತಿರ ಬಂದಳು. ಚೂರಿಯನ್ನು ನನ್ನ ಕೈಗಿಟ್ಟು ಬೆರಳುಗಳನ್ನು ಮಡಿಚಿದಳು.

"ನಿನಗ ಮೊಲ ಬೇಕಾದ್ರ ಮೊಲ ಕೊಯ್ಯಿ. ಹಗ್ಗ ಕೊಯ್ಯೂದಾದ್ರ ತಿರುಗಿ ಬಾ. ನಾ ಮತ್ತ ಕೇಳೂದಿಲ್ಲ."

ನಾನು ಚೂರಿ ತೆಗೆದುಕೊಂಡು ಹೊರಟೇ ಬಿಟ್ಟೆ. ಅವಳು ಮನಸ್ಸು ಬದಲಿಸಿಯಾಳು ಎಂದು ಹೆಜ್ಜೆ ಬೀಸಿ ಹಾಕಿದೆ. ಪಾಲಿನ ಜಾಗ ಮುಟ್ಟುವಾಗ ಬಿಸಿಲು ನೆತ್ತಿಯಿಂದ ವಾಲಿತ್ತು, ಬೇಟೆಯವರು ಇಳಿದು ಬಂದಿದ್ದರು. ಒಂದು ಹಂದಿ, ಸಾಲಾಗಿ ಮೊಲಗಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಎಲ್ಲರೂ ಹೋ ಎಂದರು. ಹಳಿ ಚೂರಿ, ಮೀಸಲು, ಮುದುಕಿಯನ್ನು ಹೇಗೆ ಒಲಿಸಿದೆ ಎಂದು ಬೆನ್ನು ತಟ್ಟಿದರು. ಭರಮ ದಪ್ಪನೆಯ ಮೊಲವೊಂದನ್ನು ಆರಿಸಿ ತಂದು, ನನ್ನೆದುರು ಕೂತು, ಅದರ ಹಿಂಗಾಲು ಹಿಡಿದ.

"ಕೊಯ್ರಿ ಮಾಮಾ. ಅಕ್ಕ ಇದ್ದಿದ್ರ ಎಷ್ಟ ಖುಷಿ ಪಡತಿದ್ಲು."

ಅಲಗನ್ನು ಮೊಲದ ಹೊಟ್ಟೆಯ ರೋಮದ ಮೇಲೆ ಇಟ್ಟೆ. ಒಂದು ಎಳೆತ ಸಾಕಿತ್ತು. ನಾನು ಬದುಕಿರುವ ತನಕ ಅದು ನನ್ನದಾಗುತ್ತಿತ್ತು, ಪಾಲು ಹಾಕಲು ಕೂತಾಗಲೆಲ್ಲ ಎದುರಿಗೆ ಕೆಂಚವ್ವ ಬರುತ್ತಿದ್ದಳು. ಅಷ್ಟರಲ್ಲಿ ಹಂಪವ್ವ ಈಗ ಏನು ಮಾಡುತ್ತಿರಬಹುದು ಎಂಬ ಯೋಚನೆ ಬಂತು. ಏನು ಮಾಡುತ್ತಾಳೆ, ಜಗಲಿಯ ಮೇಲೆ ಕೂತಿರುತ್ತಾಳೆ. ಒಬ್ಬ ಅವಳ ಕೈಗೆ ಚೂರಿ ಕೊಟ್ಟು ಕಣಿವೆಯ ಕಡೆ ಹೋಗಿದ್ದ, ಇನ್ನೊಬ್ಬ ಅವಳ ಕೈಯಿಂದ ಚೂರಿ ತೆಗೆದುಕೊಂಡು ಊರ ಕಡೆ ಬಂದಿದ್ದ. ಇನ್ನು ಮೇಲೆ ಅವಳು ದಾರಿಯ ಎರಡೂ ಕಡೆ ನೋಡಬೇಕು. ಕಾಯುವುದು ಸಾಕಾಯಿತು ಎಂದವಳಿಗೆ ನಾನು ಕೊಟ್ಟು ಬಂದದ್ದು ಇದನ್ನು.

"ಯಾಕ ಮಾಮಾ, ನಿಲ್ಲಿಸಿಬಿಟ್ರಿ?" ಎಂದ ಭರಮ.

"ನಿನ್ನ ಚೂರಿ ತಗದ ನೀನ ಪಾಲ ಹಾಕಪಾ, ಭರಮಾ. ಸಮ ಹಾಕು," ಎಂದು ಎದ್ದೆ. ಹಿಂದಿನಿಂದ ಎಲ್ಲರೂ ಕರೆದರು, ಯಾರೋ ಬೈದರು. ನಾನು ಅಲಗನ್ನು ನನ್ನ ತಲೆಯ ರುಮಾಲಿನಲ್ಲಿ ಸುತ್ತಿ, ದಾರಿಯ ಮುಳ್ಳುಕಂಟಿಗೂ ತಾಗದ ಹಾಗೆ ಎದೆಗೆ ಅವಚಿಕೊಂಡು ನಡೆದೆ. ಕಣ್ಣೀರು ಬಂತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಹಂಪವ್ವ ಊರ ಕಡೆಗೇ ನೋಡುತ್ತಾ ಕೂತಿದ್ದಳು. ನಾನು ಜಗಲಿ ಹತ್ತಿದೆ. ಅವಳು ಎದ್ದು ಹೊರಸಿನ ಆಚೆ ಹೋಗಿ, ದಾರಿಗೆ ಬೆನ್ನು ಮಾಡಿ ಕೂತು, ಕಾಲ ಕಡೆಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಳು. ನಾನು ಈಚೆ ಕೂತೆ.

ಮೊದಲ ಎಳೆಗೇ ಚೂರಿಯ ಹಣೆಬರಹ ತೀರ್ಮಾನವಾಯಿತು. ಅದು ಹಗ್ಗದ್ದಾಯಿತು. ಆದರೆ ಕೊಯ್ದದ್ದು ಹೇಗೆ! ಒತ್ತಬೇಕಾಗಲಿಲ್ಲ, ಎಳೆಯಬೇಕಾಗಲಿಲ್ಲ. ತುದಿ ತಾನಾಗಿ ವಾಲಿ ನಾರಿನೊಳಗೆ ಇಳಿದು ಮೆಲ್ಲಗೆ ಹೊರಬಂತು. ಹಂದಿ ಓಡಿಹೋದ ದಿನದಿಂದ ನನ್ನ ಮಣಿಕಟ್ಟು ಹುಡುಕುತ್ತಿದ್ದದ್ದು ಇದನ್ನೇ. ಎರಡನೆಯ ಎಳೆ ಕೊಯ್ದೆ. ಆಚೆಯಿಂದ ಹಂಪವ್ವ ಎಳೆದು ಹಿಡಿದ ಬಿಗಿ ಅಲಗಿನಲ್ಲಿ ಹಾದು ನನ್ನ ಕೈಗೆ ಬಂತು. ತಲೆ ಎತ್ತಿದರೆ ಎಲ್ಲಿ ತಪ್ಪಿಹೋಗುತ್ತದೋ ಎಂದು ನಾನು ತಲೆ ಎತ್ತಲಿಲ್ಲ. ಅವಳೂ ಅಳುತ್ತಿದ್ದಳು, ಹನಿಗಳು ಹಗ್ಗದ ಮೇಲೆ ಬೀಳುತ್ತಿದ್ದವು.

"ಹ್ಯಾಂಗ ಕೊಯ್ಯಾಕತ್ತೈತಿ, ತಮ್ಮಾ?"

"ನನ್ನ ಚೂರಿ ಹಾಂಗ, ಅಕ್ಕಾ. ಥೇಟ ಹಾಂಗ."

"ಹಂಗಿದ್ರ ಲಗೂನ ಮುಗಸಬ್ಯಾಡ," ಎಂದು ಹಂಪವ್ವ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದಳು. ನಾನು ಒಂದೊಂದೇ ಎಳೆ ಬಿಡಿಸಿ ಕೊಯ್ದೆ.